ಮೊಣಕೈಗೆ ದೇವಸ್ಥಾನ, ಮಣಿಕಟ್ಟಿಗೆ ಬೇಕರಿ

ಪರ್ಫ್ಯೂಮ್ ಆಯಿಲ್ ಮಾಡುವ ಸಣ್ಣ ಕಂಪನಿಗಳವರು ಅಸಲಿಗೆ ಕತೆಗಾರರು. ಒಬ್ಬರೋ ಇಬ್ಬರೋ ಮನೆಯಲ್ಲೇ ಕೂತು ಎಣ್ಣೆ ಬೆರೆಸುತ್ತಾರೆ. ಬೆರಳಿಗಿಂತ ಸಣ್ಣ ಸೀಸೆಗೆ ತುಂಬುತ್ತಾರೆ. ಆಮೇಲೆ ಅದಕ್ಕೆ ನಾಲ್ಕು ಸಾಲು ವಿವರಣೆ ಬರೆಯುತ್ತಾರೆ ನೋಡಿ, ಅಲ್ಲಿ ನಾವು ಬೀಳುವುದು. 'ಮಳೆ ನಿಂತ ಮೇಲಿನ ಪಾಳು ಗ್ರಂಥಾಲಯ, ಚರ್ಮದ ಹೊದಿಕೆಯ ಪುಸ್ತಕಗಳು, ಈಗಷ್ಟೇ ಆರಿದ ಮೇಣದಬತ್ತಿ, ದೂರದಲ್ಲಿ ಯಾರೋ ಕುಡಿಯುತ್ತಿರುವ ಚಹಾ.' ಇಷ್ಟೆಲ್ಲ ಒಂದು ಎಂಎಲ್ ಎಣ್ಣೆಯೊಳಗೆ! ಯಾರು ಕುಡಿಯುತ್ತಿದ್ದಾರೆ, ಎಷ್ಟು ದೂರ, ಶುಂಠಿ ಹಾಕಿದ್ದಾರಾ ಅಂತೆಲ್ಲ ಕೇಳಬಾರದು. ದುಡ್ಡು ಕಟ್ಟಿ ಸುಮ್ನೆ ಕಾಯಬೇಕು.

ಕಾಯುವುದೂ ಕಮ್ಮಿಯೇನಲ್ಲ. ದೇಶದೊಳಗಿನದಾದರೆ ಬೇಗ ಬರುತ್ತದೆ. ಹೊರಗಿನದಾದರೆ ಕಸ್ಟಮ್ಸ್‌ನಲ್ಲಿ ಕೂತು, ಸುಂಕ ಹಾಕಿಸಿಕೊಂಡು, ನಾನು ಆರ್ಡರ್ ಮಾಡಿದ್ದನ್ನೇ ಮರೆತ ಮೇಲೆ ಬಾಗಿಲು ತಟ್ಟುತ್ತದೆ. ಒಮ್ಮೆ ದಾರಿಯಲ್ಲೇ ಒಂದು ಸೀಸೆ ಒಸರಿ, ಮಿಕ್ಕ ಎಲ್ಲ ಸೀಸೆಗಳ ಚೀಟಿ ಮೇಲಿನ ಶಾಯಿ ಅಳಿಸಿಹೋಗಿತ್ತು. ಯಾವುದು ಗ್ರಂಥಾಲಯ, ಯಾವುದು ಗುಲಾಬಿ ಅಂತ ಮೂಗಿನಿಂದಲೇ ಕಂಡುಹಿಡಿಯಬೇಕಾಯಿತು. ಇವತ್ತಿಗೂ ಒಂದು ಸೀಸೆಯ ಬಗ್ಗೆ ತೀರ್ಮಾನ ಆಗಿಲ್ಲ.

ಮಾಲ್‌ನಲ್ಲಿ ಸಿಗುವ ಸ್ಪ್ರೇಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸ್ಪ್ರೇನಲ್ಲಿ ಆಲ್ಕೋಹಾಲ್ ಇರುತ್ತದೆ. ಅದು ಚರ್ಮದಿಂದ ಬೇಗ ಆವಿಯಾಗುತ್ತಾ ವಾಸನೆಯನ್ನೂ ಎತ್ತಿಕೊಂಡು ಹೋಗಿ ರೂಮಿಗೆಲ್ಲ ಹಂಚುತ್ತದೆ. ಇದರಲ್ಲಿ ಜೊಜೋಬಾ ಅನ್ನುವ ಗಿಡದ ಬೀಜದೆಣ್ಣೆಯೋ ತೆಂಗಿನೆಣ್ಣೆಯ ಒಂದು ಭಾಗವೋ ಇರುತ್ತದೆ. ಅದು ಎಲ್ಲಿಗೂ ಹೋಗುವುದಿಲ್ಲ, ಮೈಮೇಲೇ ಕೂತಿರುತ್ತದೆ, ಮೈಯ ಬಿಸಿಗೆ ನಿಧಾನವಾಗಿ ಬಾಯಿ ಬಿಡುತ್ತದೆ. ತೀರಾ ಹತ್ತಿರ ಬಂದವರಿಗೆ ಮಾತ್ರ ಗೊತ್ತಾಗುತ್ತದೆ ಅನ್ನುವುದೇ ಮಾರುವವರ ಹೆಗ್ಗಳಿಕೆ. ತೀರಾ ಹತ್ತಿರ ಬಂದವರು! ನಾನು ದಿನಾ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಹಸಿರು ಮೆಟ್ರೋ ಹತ್ತಿ ಪೀಣ್ಯಕ್ಕೆ ಹೋಗುವವಳು. ಮೆಜೆಸ್ಟಿಕ್ ದಾಟುವ ಹೊತ್ತಿಗೆ ನನಗೆ ತೀರಾ ಹತ್ತಿರ ಇಲ್ಲದವರು ಆ ಬೋಗಿಯಲ್ಲಿ ಯಾರೂ ಉಳಿದಿರುವುದಿಲ್ಲ.

ಇನ್ನೊಂದು ತೊಂದರೆ, ಮನುಷ್ಯರಿಗೆ ಇರುವುದು ಎರಡೇ ಕೈ. ಮಣಿಕಟ್ಟು, ಮೊಣಕೈ ಒಳಭಾಗ, ಎರಡೂ ಕಡೆ ಸೇರಿಸಿದರೆ ನಾಲ್ಕು ಜಾಗ. ಪ್ಯಾಕೆಟ್ಟಿನಲ್ಲಿ ಸೀಸೆಗಳು ಅದಕ್ಕಿಂತ ಜಾಸ್ತಿ. ಅಷ್ಟನ್ನೇ ಹಚ್ಚಿದರೂ ಮಧ್ಯಾಹ್ನದ ಹೊತ್ತಿಗೆ ಯಾವುದು ಎಲ್ಲಿತ್ತು ಅನ್ನುವುದು ನೆನಪಿರುವುದಿಲ್ಲ. ಅದಕ್ಕೆ ಬಾಲ್‌ಪೆನ್ನಿನಲ್ಲಿ ಕೈಮೇಲೇ ಬರೆದುಕೊಳ್ಳಲು ಶುರುಮಾಡಿದೆ. ಮೆಟ್ರೋದಲ್ಲಿ ತಪಾಸಣೆ ಮಾಡುವ ಹೆಣ್ಣುಮಗಳು ಒಂದು ದಿನ ನನ್ನ ಕೈ ತಿರುಗಿಸಿ ಗಟ್ಟಿಯಾಗಿ ಓದಿದಳು. "ಕಾಡು. ಕೇಕು. ದೇವಸ್ಥಾನ." ಆಮೇಲೆ ನಾಲ್ಕನೆಯದರ ಮೇಲೆ ಬೆರಳಿಟ್ಟು ಕೇಳಿದಳು, "ಇಲ್ಲಿ ಬರೀ ಪ್ರಶ್ನೆ ಗುರುತು ಇದೆಯಲ್ಲ ಮೇಡಂ, ಏನದು?" ಹಿಂದೆ ಕ್ಯೂ ಬೆಳೆಯುತ್ತಿತ್ತು. "ಅದು ಇನ್ನೂ ಗೊತ್ತಾಗಿಲ್ಲ" ಅಂದೆ. ಆ ಪ್ರಶ್ನೆ ಗುರುತಿನ ಕತೆ ಆಮೇಲೆ ಹೇಳುತ್ತೇನೆ.

ದೇವಸ್ಥಾನದಿಂದ ಶುರುಮಾಡೋಣ. ಹೊರದೇಶದ ಪರ್ಫ್ಯೂಮಿನವರಿಗೆ ದೇವಸ್ಥಾನ ಅಂದರೆ ವಿಪರೀತ ಪ್ರೀತಿ. 'ಮರೆತುಹೋದ ಗುಡಿಯಲ್ಲಿ ಇನ್ನೂ ಏಳುತ್ತಿರುವ ನಿಗೂಢ ಹೊಗೆ' ಅಂತ ಬರೆದಿದ್ದರು. ಫ್ರಾಂಕಿನ್‌ಸೆನ್ಸ್, ಬೆನ್ಜೋಯಿನ್ ಅನ್ನುವ ಧೂಪದ ಅಂಟುಗಳು, ಜೊತೆಗೆ ಶ್ರೀಗಂಧ ಹಾಕಿದ್ದಾರಂತೆ. ಮೊಣಕೈಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ನಿಗೂಢತೆಗಾಗಿ ಕಾಯುತ್ತಾ ಕೂತೆ. ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಯಾರೇ ಅದು, ದೀಪ ಹಚ್ಚದೆ ಊದುಬತ್ತಿ ಹಚ್ಚಿದ್ದು?"

ಅಮ್ಮನ ಮೂಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹಾಲು ಒಡೆಯುವುದು ಹಾಲಿಗೆ ಗೊತ್ತಾಗುವ ಮೊದಲು ಅವಳಿಗೆ ಗೊತ್ತಾಗುತ್ತದೆ. ಎದುರುಮನೆಯವರ ಸಾರಿಗೆ ಇಂಗು ಜಾಸ್ತಿಯಾದರೆ ಇಲ್ಲಿಂದಲೇ ಹೇಳುತ್ತಾಳೆ. ಬೆಂಗಳೂರು, ಮೈಸೂರು ಎರಡೂ ಊದುಬತ್ತಿ ಹೊಸೆದು ಜಗತ್ತಿಗೆಲ್ಲ ಕಳಿಸಿದ ಊರುಗಳು. ಹಾಲುಮಡ್ಡಿ, ಸಾಂಬ್ರಾಣಿ, ಗಂಧದ ಪುಡಿ, ಇವುಗಳ ನಡುವೆ ಬೆಳೆದ ಮೂಗಿಗೆ ಯಾವ ಹೊಗೆ ತಾನೇ ನಿಗೂಢ? "ಇದಕ್ಕೆ ಎಷ್ಟು ಕೊಟ್ಟೆ?" ಅಂತ ಕೇಳಿದಳು. ಅರ್ಧ ಮಾಡಿ ಹೇಳಿದೆ. ಅಷ್ಟಕ್ಕೇ ಎದೆ ಹಿಡಿದುಕೊಂಡಳು.

ನನ್ನ ಗಂಡನನ್ನು ಕೇಳಿ ಪ್ರಯೋಜನವಿಲ್ಲ. ಧೂಳು, ಕಾಂಗ್ರೆಸ್ ಗಿಡದ ಪರಾಗ, ಬೆಳಗಿನ ಚಳಿ ಎಲ್ಲ ಸೇರಿ ಅವನ ಮೂಗು ವರ್ಷಪೂರ್ತಿ ರಜೆಯಲ್ಲಿರುತ್ತದೆ. ಏನು ಮೂಸಿಸಿದರೂ "ಚೆನ್ನಾಗಿದೆ" ಅನ್ನುತ್ತಾನೆ. ಮುಚ್ಚಳ ತೆಗೆಯುವ ಮೊದಲೇ ಅಂದಿದ್ದೂ ಇದೆ.

ಕೇಕಿನದು ಬೇರೆಯೇ ಗೋಳು. ತಿಂಡಿ ವಾಸನೆಯ ಎಣ್ಣೆಗಳಿಗೆ ಈಗ ದೊಡ್ಡ ಬೇಡಿಕೆ. ವೆನಿಲ್ಲಾ, ಬೆಣ್ಣೆ, ಸುಟ್ಟ ಸಕ್ಕರೆ, ಜೇನು. ಬರೆದಿದ್ದು 'ಚಳಿಗಾಲದ ಸಂಜೆ ಅಜ್ಜಿಯ ಒಲೆಯಿಂದ ತೆಗೆದ ಕೇಕು'. ನನ್ನ ಮಣಿಕಟ್ಟಿನ ಮೇಲೆ ಅದು ನೇರವಾಗಿ ಅಯ್ಯಂಗಾರ್ ಬೇಕರಿಗೆ ಹೋಗಿ ನಿಂತಿತು. ಹನಿ ಕೇಕು ಮಾತ್ರ ಆಗಿದ್ದರೆ ಸರಿ ಹೋಗುತ್ತಿತ್ತು, ಜೊತೆಗೆ ಖಾರ ಬನ್ನೂ ಇತ್ತು. ಈರುಳ್ಳಿ ಎಲ್ಲಿಂದ ಬಂತು ಅಂತ ನನಗೆ ಇನ್ನೂ ಅರ್ಥವಾಗಿಲ್ಲ, ಅವರ ಪಟ್ಟಿಯಲ್ಲಂತೂ ಇರಲಿಲ್ಲ. ಮೆಟ್ರೋದಲ್ಲಿ ಪಕ್ಕದ ಸೀಟಿನ ಮಗು ನನ್ನ ಕೈಯನ್ನೇ ನೋಡುತ್ತಿತ್ತು. ಸಂಪಿಗೆ ರಸ್ತೆ ಬರುವಷ್ಟರಲ್ಲಿ "ಅಮ್ಮಾ, ಆಂಟಿ ಬ್ಯಾಗಲ್ಲಿ ಬನ್ ಇದೆ" ಅಂತ ಅಳಲು ಶುರುಮಾಡಿತು. ಅವರಮ್ಮ ನನ್ನನ್ನು ನೋಡಿದ ನೋಟದಲ್ಲಿ, ಇದ್ದರೆ ಒಂದು ಚೂರು ಕೊಡಬಾರದಾ ಅನ್ನುವ ಪ್ರಶ್ನೆ ಸ್ಪಷ್ಟವಾಗಿತ್ತು. ಬ್ಯಾಗ್ ಬಿಚ್ಚಿ ತೋರಿಸಿದೆ. ಛತ್ರಿ, ಊಟದ ಡಬ್ಬಿ, ಟಿಶ್ಯೂ. ಮಗು ನಂಬಲಿಲ್ಲ. ಅವರಮ್ಮನೂ ನಂಬಿದಂತೆ ಕಾಣಲಿಲ್ಲ.

ವೆನಿಲ್ಲಾದ ಇನ್ನೊಂದು ಗುಣವನ್ನು ವಿವರಣೆಯಲ್ಲಿ ಯಾರೂ ಬರೆಯುವುದಿಲ್ಲ. ಅದರಲ್ಲಿನ ವೆನಿಲಿನ್ ಗಾಳಿಗೆ, ಬೆಳಕಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಳಿ ಚಿಕನ್‌ಕಾರಿ ಕುರ್ತಾದ ತೋಳಿನ ಅಂಚಿಗೆ ಈಗ ಕಾಫಿ ಕಲೆ ಇದೆ. ಕಾಫಿ ಅಂತಲೇ ಎಲ್ಲರಿಗೂ ಹೇಳಿದ್ದೇನೆ.

ಕಾಫಿ ಅಂದ ಮೇಲೆ ನೆನಪಾಯಿತು. ಒಂದಾದ ಮೇಲೊಂದು ಮೂಸುತ್ತಿದ್ದರೆ ಮೂಗು ದಣಿಯುತ್ತದೆ, ಎಲ್ಲವೂ ಒಂದೇ ಆಗಿಬಿಡುತ್ತದೆ. ಮಧ್ಯೆ ಕಾಫಿ ಬೀಜ ಮೂಸಿದರೆ ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಬೀಜ ಇಲ್ಲ, ಗಾಂಧಿ ಬಜಾರಿನಲ್ಲಿ ಚಿಕೋರಿ ಬೆರೆಸಿ ಆಗತಾನೆ ಪುಡಿ ಮಾಡಿಸಿ ತಂದದ್ದಿತ್ತು. ಡಬ್ಬಿಗೆ ಮೂಗಿಟ್ಟು ಜೋರಾಗಿ ಉಸಿರೆಳೆದೆ. ಪುಡಿ ಪುಡಿಯೇ, ಬೀಜವಲ್ಲ. ಆಮೇಲಿನ ಸೀನಿಗೆ ಅರ್ಧ ಡಬ್ಬಿ ಗೋಡೆಗೆ ಹೋಯಿತು. ಅಷ್ಟಾದ ಮೇಲೆ ಓದಿದೆ: ಕಾಫಿ ಬೀಜ ಮೂಸಿದರೂ ಬರೀ ಗಾಳಿ ಮೂಸಿದರೂ ಫಲಿತಾಂಶ ಹೆಚ್ಚುಕಮ್ಮಿ ಒಂದೇ ಅಂತ 2011ರಲ್ಲೇ ಒಂದು ಪ್ರಯೋಗ ಮಾಡಿ ನೋಡಿದ್ದಾರೆ. ಏನೂ ಹಚ್ಚದ ನಮ್ಮದೇ ತೋಳನ್ನು ಮೂಸಿದರೆ ಸಾಕಂತೆ. ನನ್ನ ತೋಳಿನಲ್ಲಿ ಏನೂ ಹಚ್ಚದ ಜಾಗ ಎಲ್ಲಿತ್ತು ಹೇಳಿ.

ಮಲ್ಲಿಗೆಯ ವಿಷಯದಲ್ಲಿ ನಾನು ಸ್ವಲ್ಪ ಜಂಭದಲ್ಲೇ ಇದ್ದೆ. ನಾವು ಕನ್ನಡದವರು. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಅಂತ ಊರಿಗೊಂದು ಮಲ್ಲಿಗೆ ಇಟ್ಟುಕೊಂಡವರು, ಮೂರಕ್ಕೂ ಜಿಐ ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದವರು. ಮಲ್ಲಿಗೆ ನಮಗೆ ಕೈಕೊಡುತ್ತದಾ? ಕೊಟ್ಟಿತು. ಮಲ್ಲಿಗೆಯಲ್ಲಿ ಇಂಡೋಲ್ ಅನ್ನುವ ವಸ್ತು ಸಹಜವಾಗಿಯೇ ಇರುತ್ತದೆ. ಕೊಂಚ ಇದ್ದರೆ ಹೂವು ಹೂವಾಗಿರುತ್ತದೆ. ಜಾಸ್ತಿ ಎದ್ದು ಕಂಡರೆ ನುಸಿಗುಳಿಗೆ, ಇನ್ನೂ ಜಾಸ್ತಿ ಆದರೆ ಶೌಚಾಲಯ. ಇಂಡೋಲ್ ಮಲದಲ್ಲೂ ಇರುತ್ತದೆ, ನಾನೇನು ಮಾಡಲಿ, ಪ್ರಕೃತಿಯ ಏರ್ಪಾಡು. ನನ್ನ ಚರ್ಮ ಆ ಇಂಡೋಲ್ ಅನ್ನೇ ಹುಡುಕಿ ಎತ್ತಿ ಹಿಡಿಯಿತು. 'ಬೆಳದಿಂಗಳಲ್ಲಿ ಅರಳಿದ ಮಲ್ಲಿಗೆ ತೋಟ' ಅಂತ ಹಚ್ಚಿಕೊಂಡವಳು ಒಂದು ಗಂಟೆಯೊಳಗೆ ಅಮ್ಮನ ರೇಷ್ಮೆ ಸೀರೆಯ ಬೀರುವಾಗಿದ್ದೆ. ಅಮ್ಮ ಹತ್ತಿರ ಬಂದು ಮೂಸಿ, "ಬೀರು ಬಾಗಿಲು ತೆಗೆದಿದೆ, ಹಾಕಿ ಬಾ" ಅಂದಳು.

ಊದ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಗರು ಮರಕ್ಕೆ ಒಂದು ಬಗೆಯ ಶಿಲೀಂಧ್ರ ತಗುಲಿದಾಗ ಅದು ತನ್ನನ್ನು ಕಾಪಾಡಿಕೊಳ್ಳಲು ಒಳಗೇ ಅಂಟು ತುಂಬಿಕೊಳ್ಳುತ್ತದೆ. ಆ ಕಪ್ಪು ಕಟ್ಟಿಗೆಯಿಂದ ಇಳಿಸುವ ಊದ್ ಎಣ್ಣೆಗೆ ಚಿನ್ನದ ಬೆಲೆ. ನನಗೆ ಸಿಕ್ಕಿದ್ದು ಕೊಟ್ಟಿಗೆ. ಹಸುವಿನ ಮೈ, ಒದ್ದೆ ಹುಲ್ಲು, ಗಂಜಲ, ಒಂದೂ ಬಿಡದೆ ಎಲ್ಲ ಇತ್ತು. ಪೀಣ್ಯದ ನಮ್ಮ ಆಫೀಸಿನ ಲಿಫ್ಟಿನಲ್ಲಿ ನಾಲ್ಕೈದು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಹಾಸನ ಕಡೆಯಿಂದ ಬಂದ ಒಬ್ಬ ಸಹೋದ್ಯೋಗಿ ಮಾತ್ರ ಕಣ್ಣರಳಿಸಿ, "ಮೇಡಂ, ಊರಿಗೆ ಹೋಗಿ ಬಂದ್ರಾ?" ಅಂತ ಕೇಳಿದ. ಆ ದಿನ ಮಧ್ಯಾಹ್ನ ಅವನು ರಜೆ ಅರ್ಜಿ ಹಾಕಿ ಊರಿಗೆ ಹೊರಟೇಬಿಟ್ಟ. ನನ್ನ ಕೈಗೂ ಅದಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ.

ಈಗ ಪ್ರಶ್ನೆ ಗುರುತು. ಅದು ಮಸ್ಕ್, ಅಂದರೆ ಕಸ್ತೂರಿ ಬಗೆಯ ವಾಸನೆ. 'ಒಗೆದು ಬಿಸಿಲಿಗೆ ಹಾಕಿದ ಹತ್ತಿ ಬಟ್ಟೆ, ಶುಭ್ರ ಚರ್ಮ' ಅಂತ ಬರೆದಿತ್ತು. ಹಚ್ಚಿದೆ, ಏನೂ ಇಲ್ಲ. ಇನ್ನೊಂದು ಹನಿ ಹಾಕಿದೆ, ನೀರು. ಸೀಸೆಯಲ್ಲಿ ಬರೀ ಎಣ್ಣೆ ತುಂಬಿ ಮೋಸ ಮಾಡಿದ್ದಾರೆ ಅಂತ ಸಿಟ್ಟು ಬಂದು, ಕುತ್ತಿಗೆ, ಕಿವಿ ಹಿಂದೆ, ಎರಡೂ ತೋಳು, ಎಲ್ಲ ಕಡೆ ಬಳಿದುಕೊಂಡು ಹೊರಟೆ. ಆಟೋ ಚಾಲಕರು ಆರ್.ವಿ. ರಸ್ತೆಯ ಸಿಗ್ನಲ್ಲಿನಲ್ಲಿ ತಲೆಯನ್ನು ಹೊರಗೆ ಹಾಕಿದವರು ಮತ್ತೆ ಒಳಗೆ ತರಲಿಲ್ಲ, ಅರ್ಧ ಹೊರಗೇ ಕೂತು ಗಾಡಿ ಓಡಿಸಿದರು. ಮೆಟ್ರೋದಲ್ಲಿ ಒಬ್ಬ ಅಜ್ಜ ಸೀನತೊಡಗಿದರೆ ನಿಲ್ಲುತ್ತಲೇ ಇಲ್ಲ. ನನಗೆ ನಿಜವಾಗಿ ಪಾಪ ಅನ್ನಿಸಿ ನೀರು ಕೊಡಲು ಹತ್ತಿರ ಹೋದೆ. ಅವರ ಸೀನು ದುಪ್ಪಟ್ಟಾಯಿತು. ಸಂಜೆ ಮನೆಗೆ ಬಂದರೆ, ನಾನಿನ್ನೂ ಕೆಳಗಿನ ಗೇಟಿನ ಹತ್ತಿರ ಇರುವಾಗಲೇ ಅಮ್ಮ ಮೇಲಿನಿಂದ ಕೂಗಿದಳು, "ಮೊದಲು ಸ್ನಾನಕ್ಕೆ ಹೋಗು."

ವಿಷಯ ಇಷ್ಟೇ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆಯವು. ಅವು ಎಲ್ಲರಲ್ಲೂ ಒಂದೇ ಸಮ ಕೆಲಸ ಮಾಡುವುದಿಲ್ಲ. ಕೆಲವು ಮಸ್ಕ್‌ಗಳು ಕೆಲವರಿಗೆ ಗೊತ್ತೇ ಆಗುವುದಿಲ್ಲ, ಮಿಕ್ಕ ವಾಸನೆಯೆಲ್ಲ ಸರಿಯಾಗಿಯೇ ಗೊತ್ತಾಗುತ್ತದೆ. ನಾನು ಆ ಕೆಲವರಲ್ಲಿ ಒಬ್ಬಳು. ಇಡೀ ಬೋಗಿಗೆ ಗೊತ್ತಿದ್ದ ನನ್ನ ವಿಷಯ ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಚಕ್ಕೆ ಎಣ್ಣೆಯದು ವಾಸನೆಯ ಕತೆಯಲ್ಲ, ಉರಿಯ ಕತೆ. ಮಸಾಲೆ ಹಾಕಿದ ಒಂದು ಮಿಶ್ರಣ, ಹಬ್ಬದ ದಿನದ ಹೆಸರಿನದು. ಪಲಾವ್ ಘಮ ಬರುತ್ತಿದ್ದಂತೆ ಮಣಿಕಟ್ಟು ಚುರುಚುರು ಅಂದಿತು. ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ತುಂಬ ಜನರ ಚರ್ಮಕ್ಕೆ ಆಗಿಬರುವುದಿಲ್ಲ. ಬೆಳಗಾಗುವಷ್ಟರಲ್ಲಿ ಬಳೆ ಹಾಕುವ ಜಾಗದಲ್ಲಿ ಕೆಂಪು ಪಟ್ಟಿ ಎದ್ದಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಸರ್ಪಸುತ್ತು" ಅಂತ ತೀರ್ಪು ಕೊಟ್ಟಳು. ಅಲ್ಲಮ್ಮ, ಇದು ಪಲಾವ್ ಎಲೆ ಜೊತೆ ಹಾಕುತ್ತಾರಲ್ಲ ಆ ಚಕ್ಕೆ ಅಂದರೆ ಕೇಳಬೇಕಲ್ಲ! ಎರಡು ತುದಿ ಕೂಡಿದರೆ ಕಷ್ಟ ಅಂತ ಗಾಬರಿಯಾಗಿ, ಪಕ್ಕದ ಮನೆಯಿಂದ ಕೆಮ್ಮಣ್ಣು ತಂದು ಕಲಸಿ ದಪ್ಪಗೆ ಮೆತ್ತಿದಳು.

ಆ ಮಣ್ಣು ನೀರಿಗೆ ಬಿದ್ದ ತಕ್ಷಣ ಏನು ಘಮ ಅಂತೀರಿ! ಮಳೆಯ ವಾಸನೆ ಅಂತ ಹೇಳಿ ನಾನು ತರಿಸಿದ್ದ ಎಣ್ಣೆಯಲ್ಲಿ ಸೌತೆಕಾಯಿ ಬಿಟ್ಟು ಇನ್ನೇನೂ ಇರಲಿಲ್ಲ. ಇಲ್ಲಿ ನೋಡಿದರೆ ಏಪ್ರಿಲ್ ತಿಂಗಳ ಮೊದಲ ಮಳೆ ನನ್ನ ಮಣಿಕಟ್ಟಿನ ಮೇಲೆ. ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಇದಕ್ಕೆ ಒಂದು ಕಾರಣ. ಮನುಷ್ಯರ ಮೂಗು ಅದರ ವಿಷಯದಲ್ಲಿ ಎಷ್ಟು ಚುರುಕು ಅಂದರೆ ಲಕ್ಷ ಕೋಟಿಗೆ ಕೆಲವೇ ಭಾಗ ಇದ್ದರೂ ಹಿಡಿಯುತ್ತದೆ. ಮಳೆಯ ಈ ವಾಸನೆಗೆ ಪೆಟ್ರಿಕೋರ್ ಅಂತ 1964ರಲ್ಲಿ ಹೆಸರಿಟ್ಟವರು ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು. ಅದಕ್ಕೂ ಬಹಳ ಮೊದಲೇ ಉತ್ತರ ಪ್ರದೇಶದ ಕನ್ನೌಜಿನಲ್ಲಿ ಇದನ್ನು ಸೀಸೆಗೆ ತುಂಬುತ್ತಿದ್ದರು. ಸುಟ್ಟ ಮಣ್ಣಿನ ತುಂಡುಗಳನ್ನು ತಾಮ್ರದ ಹಂಡೆಯಲ್ಲಿ ನೀರು ಹಾಕಿ ಕುದಿಸಿ, ಆ ಆವಿಯನ್ನು ಬಿದಿರಿನ ಕೊಳವೆಯಲ್ಲಿ ಸಾಗಿಸಿ, ಗಂಧದೆಣ್ಣೆಯಲ್ಲಿ ಇಳಿಸುತ್ತಾರೆ. ಮಿಟ್ಟಿ ಅತ್ತರು ಅಂದರೆ ಅದೇ. ಇದನ್ನೆಲ್ಲ ಅಮ್ಮನಿಗೆ ಹೇಳುತ್ತಾ ಕೈ ಮೂಸುತ್ತಲೇ ಇದ್ದೆ. ಮೂಗಿಗೂ ಕೆಮ್ಮಣ್ಣು ಮೆತ್ತಿಕೊಂಡಿತು. ಅಷ್ಟು ಹೊತ್ತಿಗೆ ವಿಡಿಯೋ ಕಾಲ್ ಮೀಟಿಂಗ್ ಶುರುವಾಗಿತ್ತು, ಕ್ಯಾಮೆರಾ ಆನ್ ಇತ್ತು.

ಇಷ್ಟರಲ್ಲಿ ನನ್ನನ್ನು ನಿಜಕ್ಕೂ ತಲೆ ಕೆಡಿಸಿದ್ದು ದವನ. ನಮ್ಮದೇ ದವನ. ಚೈತ್ರದ ಹುಣ್ಣಿಮೆಯನ್ನು ದವನದ ಹುಣ್ಣಿಮೆ ಅಂತ ಕರೆಯುತ್ತೇವಲ್ಲ, ಬೆಂಗಳೂರು ಕರಗದ ರಾತ್ರಿಯೂ ಅದೇ ಅಲ್ವಾ, ಆ ದವನ. ಕೆ.ಆರ್. ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಹಾರದ ಮಧ್ಯೆ ಹೂವಿನವರು ಒಂದೊಂದು ಎಸಳು ಸೇರಿಸುತ್ತಾರೆ. ಅದನ್ನು ಯಾರೂ ಹೂವು ಅನ್ನುವುದಿಲ್ಲ, ಹಾಗಂತ ಬಿಡುವುದೂ ಇಲ್ಲ. ಬೆಳೆಯುವುದು ಹೆಚ್ಚಾಗಿ ನಮ್ಮ ದಕ್ಷಿಣದಲ್ಲೇ. ಆದರೆ ಅದರ ಎಣ್ಣೆಗೆ ಹೊರಗಿನ ಪರ್ಫ್ಯೂಮಿನವರು ಪ್ರಾಣ ಬಿಡುತ್ತಾರೆ. ಯಾಕೆಂದರೆ ಅದು ಒಬ್ಬೊಬ್ಬರ ಚರ್ಮದ ಮೇಲೆ ಒಂದೊಂದು ಬಗೆಯಾಗಿ ಘಮಿಸುತ್ತದೆ ಅಂತ ಅವರಲ್ಲಿ ಅದಕ್ಕೆ ದೊಡ್ಡ ಹೆಸರು.

ಪರೀಕ್ಷೆ ಮಾಡದೆ ಇರುವುದು ಹೇಗೆ? ಊಟದ ಹೊತ್ತಿಗೆ ಆಫೀಸಿನಲ್ಲಿ ಸಿಕ್ಕಸಿಕ್ಕವರ ಕೈಗೆಲ್ಲ ಹಚ್ಚಿದೆ. ಅಕೌಂಟ್ಸ್ ವಿಭಾಗದ ಗೆಳತಿಯ ಕೈಯಲ್ಲಿ ಅದು ಬಲಿತ ಹಲಸಿನ ಹಣ್ಣಾಯಿತು. ಎಲ್ಲರೂ ಅವಳ ಕೈ ಬಿಡಲೇ ಇಲ್ಲ. ಹಾಸನದವನ ಕೈಯಲ್ಲಿ ಒಣದ್ರಾಕ್ಷಿ, ಚೂರು ರಮ್. ಅವನು ಸಾಯಂಕಾಲದವರೆಗೂ ಕೈ ತೊಳೆಯಲಿಲ್ಲ. ಸದಾ ಸಿಡುಕುವ ನಮ್ಮ ಮ್ಯಾನೇಜರ್ ಕೈಯಲ್ಲಿ ಎಂಥ ಚಂದದ ಸಂಪಿಗೆ! ಅನ್ಯಾಯ ಅಂದರೆ ಇದು. ನನ್ನ ಕೈಯಲ್ಲಿ? ಕೆಮ್ಮಿನ ಕಷಾಯ. ತುಳಸಿ, ದೊಡ್ಡಪತ್ರೆ, ಕೊನೆಗೊಂದು ಜೀರಿಗೆ ಪೆಪ್ಪರ್‌ಮೆಂಟು. ಎಲ್ಲರೂ ಒಬ್ಬರಾದ ಮೇಲೊಬ್ಬರು ಬಂದು ಮೂಸಿ, ಏನೂ ಹೇಳದೆ, ಮೆಲ್ಲಗೆ ಹಲಸಿನ ಹಣ್ಣಿನ ಕಡೆಗೆ ವಾಪಸ್ ಹೋದರು. ಒಬ್ಬರು ಮಾತ್ರ "ಶೀತ ಕಮ್ಮಿ ಆಯ್ತಾ?" ಅಂತ ಕೇಳಿದರು.

ಚರ್ಮದ ಎಣ್ಣೆ ಅಂಶ, ಒಣಗಿದೆಯೋ ಜಿಡ್ಡೋ, ಬಿಸಿ ಎಷ್ಟು, ಬೆವರು ಎಷ್ಟು, ಇವೆಲ್ಲ ಸೇರಿ ಯಾವುದು ಮೊದಲು ಹಾರಬೇಕು, ಯಾವುದು ಉಳಿಯಬೇಕು ಅಂತ ತೀರ್ಮಾನ ಮಾಡುತ್ತವೆ. ನಿಂಬೆ, ಕಿತ್ತಳೆ ಅಂಥವು ಯಾರ ಮೇಲೂ ಬಾಳಿಕೆ ಬರುವುದಿಲ್ಲ, ಬೇಗ ಎದ್ದು ಹೋಗುತ್ತವೆ. ಗಂಧ, ವೆನಿಲ್ಲಾ, ಮಸ್ಕ್ ಕೊನೆತನಕ ಕೂತಿರುತ್ತವೆ. ಮಧ್ಯದವು ಚೌಕಾಸಿ ಮಾಡುತ್ತವೆ. ನನ್ನ ಚರ್ಮ ಏನೇ ಕೊಟ್ಟರೂ ಅಡುಗೆಮನೆ ಕಡೆಗೋ ಔಷಧಿ ಕಪಾಟಿನ ಕಡೆಗೋ ಎಳೆದುಕೊಂಡು ಹೋಗುತ್ತದೆ ಅನ್ನುವುದು ನನ್ನ ಸಂಶೋಧನೆ.

ಒಂದೇ ಒಂದು ಎಣ್ಣೆಗೆ ಹೊಗಳಿಕೆ ಬಂತು, ಶ್ರೀಗಂಧದ್ದು. ಅದನ್ನು ಹಚ್ಚಿಕೊಂಡು ಮೆಟ್ರೋದಲ್ಲಿ ನಿಂತಿದ್ದೆ. ಮಹಾಲಕ್ಷ್ಮಿ ದಾಟಿತು. ಮುಂದಿನ ಸ್ಟೇಷನ್ನಿನ ಹೆಸರೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಮೊದಲನೇ ಮಹಾಯುದ್ಧದಲ್ಲಿ ಗಂಧದ ಕೊರಡು ಯೂರೋಪಿಗೆ ಹೋಗುವುದು ನಿಂತಾಗ ಮೈಸೂರು ಸಂಸ್ಥಾನದವರು 1916ರಲ್ಲಿ ಇಲ್ಲೇ ಎಣ್ಣೆ ತೆಗೆಯಲು ಶುರುಮಾಡಿದರು. 1918ರಲ್ಲಿ ಆ ಎಣ್ಣೆಯಿಂದ ಸೋಪು ಬಂತು. ಅಲ್ಲಿಂದ ಈ ಊರಿನ ಪ್ರತಿ ಮೂಗಿಗೂ ಗಂಧ ಅಂದರೆ ಬಚ್ಚಲುಮನೆಯ ಆ ಕೋಳಿಮೊಟ್ಟೆ ಆಕಾರದ ಸೋಪೇ. ಪಕ್ಕದಲ್ಲಿದ್ದ ಹೆಂಗಸು ನನ್ನ ಕಡೆ ಬಾಗಿ, ಮೆಚ್ಚುಗೆಯಿಂದ, "ಈಗತಾನೆ ಸ್ನಾನ ಮಾಡಿ ಬಂದ್ರಾ?" ಅಂದರು. 'ಸಾವಿರ ವರ್ಷದ ಕಾಡಿನ ಮೌನ' ಅಂತ ಆ ಸೀಸೆಯ ಮೇಲೆ ಬರೆದಿತ್ತು. ಹೌದು ಅಂದೆ. ಇನ್ನೇನು ಹೇಳಲಿ?

ಉಳಿದ ಸೀಸೆಗಳಿಗೆಲ್ಲ ಅಮ್ಮ ಕೆಲಸ ಕೊಟ್ಟಿದ್ದಾಳೆ. ದೇವಸ್ಥಾನ ದೇವರ ಮನೆಗೆ ಹೋಯಿತು, ಹತ್ತಿಯಲ್ಲಿ ಅದ್ದಿ ಒಂದು ಮೂಲೆಯಲ್ಲಿಟ್ಟಿದ್ದಾಳೆ. ಕಾಡು ಚಪ್ಪಲಿ ಸ್ಟ್ಯಾಂಡಿಗೆ, ಮಲ್ಲಿಗೆ ನೇರ ಬೀರುವಿಗೆ. ಅಲ್ಲಿ ನುಸಿಗುಳಿಗೆ ಖರ್ಚು ಉಳಿಯಿತು ಅಂತ ಖುಷಿಯಾಗಿದ್ದಾಳೆ. ಊದನ್ನು ಹಾಸನದವನು ದುಡ್ಡು ಕೊಟ್ಟು ತೆಗೆದುಕೊಂಡ. ಗ್ರಂಥಾಲಯವನ್ನು ಮಾತ್ರ ಗಂಡ ಇಟ್ಟುಕೊಂಡಿದ್ದಾನೆ, ಚೆನ್ನಾಗಿದೆಯಂತೆ. ಮಸ್ಕ್ ಯಾರಿಗೂ ಬೇಡವಾಗಿ ಬಿದ್ದಿದೆ, ಮುಕ್ಕಾಲು ಸೀಸೆ ಇದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಸುಮ್ನೆ ಕೊಡುತ್ತೇನೆ. ಕೊರಿಯರ್ ಖರ್ಚು ಮಾತ್ರ ನಿಮ್ಮದು.